ಆ ಬಣ್ಣದ ಉಂಡೆ ಎಷ್ಟು ಹೊತ್ತು ಇತ್ತು?

ನನ್ನ ಮೇಜಿನ ಮೇಲೆ ಬಣ್ಣದ ಪೆನ್ಸಿಲ್ ಡಬ್ಬಿ ಯಾವಾಗಲೂ ಇರುತ್ತದೆ. ಮಕ್ಕಳಿಗೆ ಇರಬೇಕು ಅಂದುಕೊಳ್ಳುತ್ತಾರೆ. ಅದು ತಲೆಗೆ ಪೆಟ್ಟು ಬಿದ್ದ ಮೇಲೆ "ಕಣ್ಣ ಮುಂದೆ ಏನೋ ಬರುತ್ತೆ ಡಾಕ್ಟ್ರೇ" ಎನ್ನುವವರಿಗೆ. ಹೇಳಲು ಆಗದ್ದನ್ನು ಜನ ಬರೆದು ತೋರಿಸುತ್ತಾರೆ.

ಹಾಗೆ ಬಂದ ಒಬ್ಬರು ಹಾಳೆಯ ಎಡ ಮೂಲೆಯಲ್ಲಿ ಕೆಂಪು, ಹಳದಿ, ನೀಲಿ ಉಂಡೆಗಳನ್ನು ಬರೆದರು. ರಸ್ತೆ ಹಂಪ್ ಕಾಣದೆ ಸ್ಕೂಟರಿನಿಂದ ಬಿದ್ದು ಎಂಟು ತಿಂಗಳಾಗಿತ್ತು. ಪೆಟ್ಟು ಬಿದ್ದದ್ದು ಹಿಂದಲೆಗೆ, ಬಲಗಡೆ. ಕನ್ನಡಕ ಎರಡು ಸಲ ಬದಲಾಯಿಸಿದ್ದರೂ ಉಂಡೆಗಳು ಹೋಗಿರಲಿಲ್ಲ. ಯಾವ ಕಣ್ಣು ಮುಚ್ಚಿಕೊಂಡರೂ ಎಡಗಡೆಯೇ ಕಾಣುತ್ತವಂತೆ. ಹಾಗಾದರೆ ತೊಂದರೆ ಕಣ್ಣಿನದಲ್ಲ. ನೋಟವನ್ನು ಗುರುತಿಸುವ ಮೆದುಳಿನ ಭಾಗ ಹಿಂದಲೆಯಲ್ಲಿದೆ. ಅದರ ಬಲಗಡೆಯ ಪಾಲಿಗೆ ಬರುವುದು ಎಡಬದಿಯ ನೋಟ.

ಇದು ಮೈಗ್ರೇನ್ ತಲೆನೋವಿನದೋ, ಪೆಟ್ಟಿನಿಂದ ಬಂದ ಫಿಟ್ಸೋ ಎಂದು ತಿಳಿಯಲು ಆಮೇಲೆ ನಾನು ಕೇಳುವುದು ಒಂದೇ: ಎಷ್ಟು ಹೊತ್ತು? ಮೈಗ್ರೇನ್‌ನಲ್ಲೂ ಕಣ್ಣ ಮುಂದೆ ಬೆಳಕು ಬರುತ್ತದೆ. ಆದರೆ ಅದು ಸಾಮಾನ್ಯವಾಗಿ ಅಂಕುಡೊಂಕು ಗೆರೆ, ನಿಧಾನವಾಗಿ ಹರಡಿ 5 ನಿಮಿಷದಿಂದ ಒಂದು ಗಂಟೆಯವರೆಗೂ ಇರುತ್ತದೆ. ಫಿಟ್ಸ್‌ನದ್ದು ಹೆಚ್ಚಾಗಿ ದುಂಡನೆಯ ಬಣ್ಣ. ಥಟ್ಟನೆ ಬಂದು ಕೆಲವು ಸೆಕೆಂಡಿನಿಂದ ಒಂದೆರಡು ನಿಮಿಷದೊಳಗೆ ಮಾಯ. ಪ್ರತಿ ಸಲವೂ ಅದೇ ಜಾಗ, ಅದೇ ರೂಪ.

"ಒಂದು ನಿಮಿಷ ಇರಬಹುದು" ಎಂದರು ಅವರು. ಪಕ್ಕದಲ್ಲಿದ್ದ ಹೆಂಡತಿ ಮೆಲ್ಲಗೆ ಸೇರಿಸಿದರು: "ಆಗ ಕರೆದ್ರೆ ಓಗೊಡಲ್ಲ ಸರ್. ಟೀ ಲೋಟ ಹಿಡ್ಕೊಂಡು ಸುಮ್ನೆ ಕೂತಿರ್ತಾರೆ, ಬಾಯಿ ಚಪ್ಪರಿಸ್ತಾರೆ." ಗಂಡನಿಗೆ ಅದರ ನೆನಪೇ ಇರಲಿಲ್ಲ. ಫಿಟ್ಸ್ ಎಂದರೆ ಬಿದ್ದು ಒದ್ದಾಡುವುದು, ಬಾಯಲ್ಲಿ ನೊರೆ ಬರುವುದು ಅಂತಲೇ ನಮ್ಮಲ್ಲಿ ಕೂತುಬಿಟ್ಟಿದೆ, ಅಲ್ವಾ? ಇದೂ ಫಿಟ್ಸೇ. ಮನೆಯವರನ್ನು ಜೊತೆಗೆ ಕರೆದುಕೊಂಡು ಬನ್ನಿ ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಅವರ ಇಇಜಿ, ಅಂದರೆ ಮೆದುಳಿನ ವಿದ್ಯುತ್ ಅಲೆಗಳ ಪರೀಕ್ಷೆ, ನಾರ್ಮಲ್ ಬಂದಿತ್ತು. ಅದರಿಂದ ಫಿಟ್ಸ್ ಇಲ್ಲ ಎಂದಾಗುವುದಿಲ್ಲ. ಅರ್ಧ ಗಂಟೆಯ ಇಇಜಿ ಆ ಅರ್ಧ ಗಂಟೆಯದ್ದನ್ನಷ್ಟೇ ಹೇಳುತ್ತದೆ. ಎಂಆರ್‌ಐ ಸ್ಕ್ಯಾನಿನಲ್ಲಿ ಮೆದುಳಿನ ಮೇಲೆ ಹಳೆಯ ಗಾಯದ ಕಲೆ ಕಂಡಿತು.

"ಪೆಟ್ಟು ಬಿದ್ದಾಗ ಆಸ್ಪತ್ರೆಯಲ್ಲೇ ಫಿಟ್ಸ್ ಮಾತ್ರೆ ಕೊಟ್ಟಿದ್ರಲ್ಲ?" ಎಂದು ಬಹಳ ಜನ ಕೇಳುತ್ತಾರೆ. ಆ ಮೊದಲ 7 ದಿನದ ಮಾತ್ರೆ ಆ ವಾರದ ಫಿಟ್ಸ್ ತಡೆಯಲು ಮಾತ್ರ. ತಿಂಗಳುಗಳ ನಂತರ, ವರ್ಷಗಳ ನಂತರ ಬರುವುದನ್ನು ಅದು ತಡೆಯುವುದಿಲ್ಲ. ವಾರ ಕಳೆದ ಮೇಲೆ ಒಂದು ಸಲ ಬಂದರೂ ಮತ್ತೆ ಬರುವ ಸಾಧ್ಯತೆ ಜಾಸ್ತಿ. ಹಾಗಾಗಿ ಹೆಚ್ಚಿನವರಿಗೆ ಮಾತ್ರೆ ಶುರು ಮಾಡುತ್ತೇವೆ.

ಪೆಟ್ಟಿನ ನಂತರ ಕಣ್ಣಿಗೆ ಏನಾದರೂ ಅದು ಫಿಟ್ಸೇ ಅಂತ ಹೆದರಬೇಡಿ. ಮೆಟ್ಟಿಲು ಇಳಿಯುವಾಗ ಎರಡೆರಡು ಕಂಡರೆ ಕಣ್ಣಾಡಿಸುವ ನರಕ್ಕೆ ಏಟಾಗಿರಬಹುದು. ಓದುವಾಗ ಅಕ್ಷರ ಕಲಸಿಕೊಂಡರೆ ಎರಡು ಕಣ್ಣೂ ಹತ್ತಿರಕ್ಕೆ ಹೊಂದಿಕೊಳ್ಳದೆ ಇರಬಹುದು. ಅದಕ್ಕೆ ಬೇರೆ ಚಿಕಿತ್ಸೆ ಇದೆ.

ನೀವು ಮಾಡಬೇಕಾದ್ದು ಇಷ್ಟು. ಬಂದಾಗ ಗಡಿಯಾರ ನೋಡಿ. ಮನೆಯವರು ಮೊಬೈಲಲ್ಲಿ ವಿಡಿಯೋ ಮಾಡಲಿ. ಡಾಕ್ಟರು ಹೇಳುವವರೆಗೆ ಗಾಡಿ ಓಡಿಸಬೇಡಿ, ಬಾವಿಕಟ್ಟೆ, ಏಣಿ ಹತ್ತಬೇಡಿ. ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಮೈ ಸೆಟೆದು ಬಿದ್ದರೆ ಕೈಗೆ ಕಬ್ಬಿಣ ಕೊಡುವುದು, ಚಪ್ಪಲಿ ಮೂಸಿಸುವುದು ಬೇಡ. ಪಕ್ಕಕ್ಕೆ ಹೊರಳಿಸಿ, ಬಾಯಿಗೆ ಏನೂ ಹಾಕಬೇಡಿ. 5 ನಿಮಿಷ ದಾಟಿದರೆ 108ಕ್ಕೆ ಫೋನ್ ಮಾಡಿ.