ರೈನೋಪ್ಲಾಸ್ಟಿ: ಅಂದಕ್ಕಾಗಿ ಮೂಗಿನ ಶಸ್ತ್ರಚಿಕಿತ್ಸೆ

ಮೂಗಿನ ಆಕಾರವನ್ನು ತಿದ್ದಲು ಮಾಡುವ ಶಸ್ತ್ರಚಿಕಿತ್ಸೆಗೆ ರೈನೋಪ್ಲಾಸ್ಟಿ ಎಂದು ಹೆಸರು. ಇದರ ಜೊತೆ ಸೆಪ್ಟೋಪ್ಲಾಸ್ಟಿ ಎಂಬ ಮಾತೂ ಕಿವಿಗೆ ಬೀಳುತ್ತದೆ. ಅದು ಉಸಿರಾಟ ಸರಾಗವಾಗಲೆಂದು ಎರಡು ಹೊಳ್ಳೆಗಳ ನಡುವಿನ ಗೋಡೆಯನ್ನು ನೇರಗೊಳಿಸುವ ಚಿಕಿತ್ಸೆ. ಅದರಿಂದ ಹೊರರೂಪ ಸಾಮಾನ್ಯವಾಗಿ ಬದಲಾಗುವುದಿಲ್ಲ. ಎರಡನ್ನೂ ಒಟ್ಟಿಗೆ ಮಾಡುವುದೂ ಉಂಟು.

ಮೂಗಿನ ಮೇಲ್ಭಾಗದಲ್ಲಿ ಮೂಳೆಯಿದೆ, ಕೆಳಗಿನ ಭಾಗಕ್ಕೆಲ್ಲ ಮೃದ್ವಸ್ಥಿಯೇ (ಕಿವಿಯಲ್ಲಿರುವಂಥ, ಬಾಗುವ ಮೆದು ಮೂಳೆ) ಆಧಾರ. ವೈದ್ಯರ ಕೈಗೆ ಸಿಗುವುದು ಈ ಹಂದರ. ಅದರ ಮೇಲಿನ ಚರ್ಮ ಹೊಸ ಹಂದರಕ್ಕೆ ತಾನಾಗಿಯೇ ಹೊಂದಿಕೊಳ್ಳಬೇಕು. ಚರ್ಮ ತೀರಾ ದಪ್ಪವಿದ್ದರೆ ಒಳಗೆ ಮಾಡಿದ ನಾಜೂಕಿನ ಕೆಲಸ ಹೊರಗೆ ಕಾಣುವುದೇ ಇಲ್ಲ; ತೀರಾ ತೆಳುವಾಗಿದ್ದರೆ ಸಣ್ಣ ಏರುಪೇರೂ ಎದ್ದು ತೋರುತ್ತದೆ. ಬೇರೊಬ್ಬರ ಮೂಗಿನ ಫೋಟೊ ತೋರಿಸಿ ‘ಇಂಥದ್ದೇ ಬೇಕು’ ಎಂದು ಕೇಳುವುದರಲ್ಲಿ ಹೆಚ್ಚು ಅರ್ಥವಿಲ್ಲದಿರುವುದು ಇದೇ ಕಾರಣಕ್ಕೆ. ಕಂಪ್ಯೂಟರ್ ಪರದೆಯ ಮೇಲೆ ವೈದ್ಯರು ತಿದ್ದಿ ತೋರಿಸುವ ಚಿತ್ರವನ್ನೂ ಮಾತುಕತೆಯ ಸಾಧನವೆಂದು ನೋಡಬೇಕೇ ಹೊರತು ಭರವಸೆಯೆಂದಲ್ಲ.

ಒಳ್ಳೆಯ ವೈದ್ಯರು ಮೊದಲ ಭೇಟಿಯಲ್ಲಿ ಮೂಗಿನ ತುದಿಯ ಚರ್ಮವನ್ನು ಬೆರಳಲ್ಲಿ ಹಿಡಿದು ದಪ್ಪ ನೋಡುತ್ತಾರೆ. ಜೋರಾಗಿ ಉಸಿರೆಳೆಯಲು ಹೇಳಿ, ಹೊಳ್ಳೆಯ ಪಕ್ಕದ ಗೋಡೆ ಒಳಕ್ಕೆ ಕುಸಿಯುತ್ತದೆಯೇ ಎಂದು ಗಮನಿಸುತ್ತಾರೆ. ಹಂದರದಿಂದ ಅತಿಯಾಗಿ ಕೆತ್ತಿ ತೆಗೆದರೆ ಮೂಗು ಚೆಂದವಾಗಿ ಕಂಡರೂ ಉಸಿರು ಕಟ್ಟಬಹುದು. ಅಂದದ ಮಾತು ಮಾತ್ರ ಆಡಿ ಉಸಿರಿನ ವಿಚಾರವನ್ನೇ ಎತ್ತದ ವೈದ್ಯರಿದ್ದರೆ ಮತ್ತೊಬ್ಬರ ಅಭಿಪ್ರಾಯ ಕೇಳಿ ಎಂದೇ ನಾನು ಹೇಳುತ್ತೇನೆ.

ಶಸ್ತ್ರಚಿಕಿತ್ಸೆ ಹೆಚ್ಚಾಗಿ ಪೂರ್ಣ ಅರಿವಳಿಕೆಯಲ್ಲೇ ನಡೆಯುತ್ತದೆ. ಎಷ್ಟು ತಿದ್ದಬೇಕು ಎಂಬುದರ ಮೇಲೆ ಕೆಲವು ಗಂಟೆಗಳು ಹಿಡಿಯುತ್ತವೆ. ಕ್ಲೋಸ್ಡ್ ವಿಧಾನದಲ್ಲಿ ಕೊಯ್ತಗಳೆಲ್ಲ ಹೊಳ್ಳೆಯ ಒಳಗೇ ಇರುತ್ತವೆ. ಓಪನ್ ವಿಧಾನದಲ್ಲಿ ಹೊಳ್ಳೆಗಳ ನಡುವಿನ ಕಿರುಪಟ್ಟಿಗೆ ಅಡ್ಡಲಾಗಿ ಇನ್ನೊಂದು ಸಣ್ಣ ಕೊಯ್ತ ಹಾಕಿ ಚರ್ಮವನ್ನು ಮೇಲೆತ್ತುತ್ತಾರೆ. ಆ ಕಲೆ ಬಹುತೇಕರಲ್ಲಿ ಕ್ರಮೇಣ ಮಾಸುತ್ತದೆ. ಮೂಗಿನ ಮೇಲೆ ಉಬ್ಬಿದ್ದರೆ ಉಜ್ಜಿ ತಗ್ಗಿಸುತ್ತಾರೆ, ಬೇಕಾದರೆ ಮೂಳೆಯನ್ನು ಕತ್ತರಿಸಿ ಒಳಕ್ಕೆ ಸರಿಸುತ್ತಾರೆ. ಎಲ್ಲಾದರೂ ತುಂಬಬೇಕಿದ್ದರೆ ಮೂಗಿನ ನಡುಗೋಡೆ, ಕಿವಿ ಅಥವಾ ಪಕ್ಕೆಲುಬಿನಿಂದ ಮೃದ್ವಸ್ಥಿಯ ತುಂಡನ್ನು ತೆಗೆದು ಬಳಸುತ್ತಾರೆ.

ಆಮೇಲಿನ ದಿನಗಳಿಗೇ ಹೆಚ್ಚು ಸಿದ್ಧತೆ ಬೇಕು. ಮೊದಲ ಕೆಲವು ದಿನ ಮೂಗು ಪೂರ್ತಿ ಕಟ್ಟಿ ಬಾಯಿಯಲ್ಲೇ ಉಸಿರಾಡಬೇಕಾಗುತ್ತದೆ, ತುಟಿ ಒಣಗುತ್ತದೆ, ಕಣ್ಣಿನ ಕೆಳಗೆ ಕಂದುಗಟ್ಟುತ್ತದೆ. ಇದು ಒಂದೆರಡು ವಾರಗಳಲ್ಲಿ ಇಳಿಯುತ್ತದೆ. ತಲೆಯನ್ನು ಎತ್ತರಿಸಿಕೊಂಡೇ ಮಲಗಬೇಕು. ಮೂಗು ಸೀಟುವಂತಿಲ್ಲ, ಸೀನು ಬಂದರೆ ಬಾಯಿ ತೆರೆದು ಸೀನಬೇಕು. ಕನ್ನಡಕದ ಭಾರವೂ ಕೆಲವು ವಾರ ಮೂಗಿನ ಮೇಲೆ ಬೀಳಬಾರದು.

ಸುಮಾರು ಒಂದು ವಾರದ ಬಳಿಕ ಹೊರಗಿನ ಕಟ್ಟನ್ನು ತೆಗೆಯುತ್ತಾರೆ. ಎಷ್ಟೋ ಜನರ ಎದೆ ಧಸಕ್ಕೆನ್ನುವುದು ಆಗಲೇ. ಕನ್ನಡಿಯಲ್ಲಿ ಕಾಣುವುದು ಅಗಲವಾದ, ಊದಿದ, ತುದಿ ಕೊಂಚ ಮೇಲಕ್ಕೆದ್ದ ಮೂಗು. ಮುಟ್ಟಿದರೆ ತುದಿ ಗಟ್ಟಿಯಾಗಿ, ಜೋಮು ಹಿಡಿದಂತಿರುತ್ತದೆ. ದಯವಿಟ್ಟು ಅಂದೇ ತೀರ್ಪು ಕೊಟ್ಟುಕೊಳ್ಳಬೇಡಿ. ಊತದ ದೊಡ್ಡ ಪಾಲು ಕೆಲವೇ ವಾರಗಳಲ್ಲಿ ಇಳಿಯುತ್ತದೆ, ಉಳಿದದ್ದು ನಿಧಾನ. ಎಲ್ಲಕ್ಕಿಂತ ಕೊನೆಗೆ ಇಳಿಯುವುದು ತುದಿಯ ಊತ. ಅಂತಿಮ ರೂಪಕ್ಕೆ ಒಂದು ವರ್ಷ ಬೇಕು, ದಪ್ಪ ಚರ್ಮದವರಿಗೆ ಇನ್ನೂ ಹೆಚ್ಚು. ಬೆಳಿಗ್ಗೆ ಊದಿಕೊಂಡು ಸಂಜೆಗೆ ಇಳಿಯುವುದು, ಒಂದು ಬದಿ ಇನ್ನೊಂದಕ್ಕಿಂತ ಬೇಗ ಸರಿಹೋಗುವುದು, ಎಲ್ಲವೂ ಈ ಅವಧಿಯಲ್ಲಿ ಸಹಜ.

ಅಪಾಯಗಳನ್ನು ಮುಚ್ಚಿಡಬಾರದು. ರಕ್ತಸ್ರಾವ, ಸೋಂಕು, ಅರಿವಳಿಕೆಯ ತೊಂದರೆಗಳಿಂದ ಹಿಡಿದು ನಡುಗೋಡೆಯಲ್ಲಿ ತೂತು, ಎರಡು ಬದಿಗಳ ನಡುವೆ ಅಸಮತೆ, ಮಾಯದ ಉಸಿರಾಟದ ತೊಂದರೆಯವರೆಗೆ ಏನಾದರೂ ಆಗಬಹುದು. ಧೂಮಪಾನ ಗಾಯ ಮಾಯುವುದನ್ನು ತಡೆಯುತ್ತದೆ, ಆಸ್ಪಿರಿನ್‌ನಂಥ ಮಾತ್ರೆಗಳು ರಕ್ತಸ್ರಾವ ಹೆಚ್ಚಿಸುತ್ತವೆ. ನುಂಗುವ ಪ್ರತಿಯೊಂದು ಔಷಧಿಯ ಹೆಸರನ್ನೂ ವೈದ್ಯರಿಗೆ ಮೊದಲೇ ಹೇಳಬೇಕು. ಶಸ್ತ್ರಚಿಕಿತ್ಸೆಯಿಲ್ಲದೆ ಫಿಲ್ಲರ್ (ಚರ್ಮದಡಿ ತುಂಬುವ ಜೆಲ್‌ನಂಥ ವಸ್ತು) ಚುಚ್ಚಿ ಮೂಗಿನ ರೂಪ ಬದಲಿಸುವುದನ್ನು ಸುಲಭದ ದಾರಿಯೆಂದು ಹೇಳುವುದುಂಟು. ಅದು ರಕ್ತನಾಳಕ್ಕೆ ಹೊಕ್ಕರೆ ಚರ್ಮ ಸಾಯಬಹುದು, ಅಪರೂಪಕ್ಕೆ ದೃಷ್ಟಿಯೇ ಹೋಗಬಹುದು.

ಹದಿಹರೆಯದವರು ಮುಖದ ಬೆಳವಣಿಗೆ ಮುಗಿಯುವವರೆಗೆ ಕಾಯಬೇಕು. ಬೇರೆ ಯಾರಿಗೂ ಕಾಣದಂಥ ಕೊರತೆ ದಿನವಿಡೀ ಕಾಡುತ್ತಿದ್ದರೆ ಮೊದಲು ಮನೋವೈದ್ಯರನ್ನು ಕಾಣುವುದು ಒಳ್ಳೆಯದು, ಏಕೆಂದರೆ ಅಂಥವರಿಗೆ ಶಸ್ತ್ರಚಿಕಿತ್ಸೆಯಿಂದ ನೆಮ್ಮದಿ ಸಿಗುವುದು ಕಡಿಮೆ. ಫಲಿತಾಂಶ ನಿಜಕ್ಕೂ ಸರಿಬಾರದವರಿಗೆ ರಿವಿಷನ್ ಎಂಬ ಎರಡನೆಯ ಚಿಕಿತ್ಸೆಯಿದೆ. ಒಳಗಿನ ಗಾಯದ ಗಂಟುಗಳಿಂದಾಗಿ ಅದು ಮೊದಲನೆಯದಕ್ಕಿಂತ ಕಷ್ಟ. ಅದಕ್ಕೂ ಸಾಮಾನ್ಯವಾಗಿ ಒಂದು ವರ್ಷವಾದರೂ ಕಾಯಿಸುತ್ತಾರೆ.