ಎಳೆಯುತ್ತದೆ ಸರಿ, ತಡೆಯುತ್ತದೆಯೇ?

'ಎಂಜಿನ್‌ಗೆ ದಮ್ಮಿದೆ, ಎಳೆಯುತ್ತೆ ಬಿಡಿ.' ಸಣ್ಣ ಕಾರಿಗೆ ಟ್ರೇಲರ್ ಕೊಂಡಿ ಹಾಕಿಸಲು ಬರುವವರ ಮಾಮೂಲಿ ಮಾತಿದು. ಎಳೆಯುವುದೇನೋ ನಿಜ, ಕ್ಲಚ್ ವಾಸನೆ ಬಂದರೂ ಸಮತಟ್ಟಾದ ರಸ್ತೆಯಲ್ಲಿ ಎಳೆದೇ ಎಳೆಯುತ್ತದೆ. ನನ್ನ ಪ್ರಶ್ನೆ ಬೇರೆ: ಹಿಂದಿನ ಭಾರ ತಳ್ಳತೊಡಗಿದಾಗ ಕಾರು ತಡೆದುಕೊಳ್ಳುತ್ತದೆಯೇ?

900 ಕೆ.ಜಿ. ಕಾರಿನ ಹಿಂದೆ ಬ್ರೇಕಿಲ್ಲದ 450 ಕೆ.ಜಿ. ಟ್ರೇಲರ್ ಇದೆ ಎನ್ನಿ. ಎರಡನ್ನೂ ನಿಲ್ಲಿಸುವ ಹೊಣೆ ಕಾರಿನ ನಾಲ್ಕು ಟೈರುಗಳದ್ದೇ. ದಿಢೀರನೆ ಬ್ರೇಕ್ ಒತ್ತಿದರೆ ಗಾಡಿ ನಿಲ್ಲಲು ಸುಮಾರು ಒಂದೂವರೆ ಪಟ್ಟು ದೂರ ಬೇಕು. ತಿರುವಿನಲ್ಲಾದರೆ ಟ್ರೇಲರ್ ಕಾರಿನ ಹಿಂಭಾಗವನ್ನು ಪಕ್ಕಕ್ಕೆ ನೂಕಿ, ಎರಡೂ ಚಾಕುವಿನಂತೆ ಮಡಚಿಕೊಳ್ಳಬಹುದು.

ಇನ್ನು ಕೊಂಡಿಯ ಮೇಲಿನ ಭಾರ, ಅಂದರೆ ಟ್ರೇಲರಿನ ಮೂತಿ ಕೊಂಡಿಯನ್ನು ಕೆಳಕ್ಕೆ ಒತ್ತುವ ತೂಕ. ಕೊಂಡಿ ಇರುವುದು ಹಿಂದಿನ ಚಕ್ರಗಳ ಅಚ್ಚಾದ ಆಕ್ಸಲ್‌ಗಿಂತಲೂ ಹಿಂದೆ, ಹಾಗಾಗಿ ಅದು ಸನ್ನೆಗೋಲು. ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವೆ 240 ಸೆಂ.ಮೀ. ಇರುವ ಕಾರಿನಲ್ಲಿ, ಹಿಂದಿನ ಆಕ್ಸಲ್‌ನಿಂದ 90 ಸೆಂ.ಮೀ. ಆಚೆ 50 ಕೆ.ಜಿ. ಕೂತರೆ ಹಿಂದಿನ ಚಕ್ರಗಳ ಮೇಲೆ ಬೀಳುವುದು 69 ಕೆ.ಜಿ.; ಮುಂದಿನ ಚಕ್ರಗಳು 19 ಕೆ.ಜಿ. ಕಳೆದುಕೊಳ್ಳುತ್ತವೆ. ಸಣ್ಣ ಕಾರುಗಳಲ್ಲಿ ಬಹುಪಾಲು ಎಳೆಯುವುದೂ ತಿರುಗುವುದೂ ಆ ಮುಂದಿನ ಚಕ್ರಗಳೇ. ಮಳೆಯಲ್ಲಿ ಸ್ಟೀರಿಂಗ್ ಹಗುರಾಯಿತು ಎನ್ನುವವರ ದೂರಿಗೆ ಕಾರಣ ಹೆಚ್ಚಾಗಿ ಇದೇ.

ಹಾಗಂತ ಕೊಂಡಿಯ ಭಾರ ಇಳಿಸಲು ಸಾಮಾನನ್ನು ಟ್ರೇಲರಿನ ಹಿಂತುದಿಗೆ ತಳ್ಳಿದರೆ ಕೆಟ್ಟಂತೆಯೇ. ಹಿಂಭಾರದ ಟ್ರೇಲರ್ ವೇಗ ಹೆಚ್ಚಿದಂತೆ ಬಾಲ ಅಲ್ಲಾಡಿಸುತ್ತದೆ. ಅಡ್ಡಗಾಳಿಯೋ, ಪಕ್ಕದಲ್ಲಿ ನುಗ್ಗಿ ಹೋದ ಲಾರಿಯೋ ಸಾಕು, ಓಲಾಟ ಶುರು. ಒಂದೊಂದು ಓಲಾಟಕ್ಕೂ ಹಿಗ್ಗುತ್ತಾ ಹೋಗಿ ಹಗುರ ಕಾರನ್ನೇ ಎಳೆದಾಡುತ್ತದೆ. ಆಗ ಸ್ಟೀರಿಂಗ್ ಎಡಬಲ ತಿರುಗಿಸಬೇಡಿ, ಬ್ರೇಕ್ ಜಜ್ಜಬೇಡಿ. ವೇಗ ಹೆಚ್ಚಿಸಿದರೆ ಟ್ರೇಲರ್ ನೇರವಾಗುತ್ತದೆ ಎನ್ನುವ ಸಲಹೆಯಂತೂ ಶುದ್ಧ ಅಪಾಯ. ಸ್ಟೀರಿಂಗ್ ನೇರ ಹಿಡಿದು ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ, ವೇಗ ತಾನಾಗಿ ಇಳಿಯಲಿ.

ಕಾರಿನ ಕೈಪಿಡಿಯಲ್ಲಿ ಬ್ರೇಕಿರುವ ಟ್ರೇಲರಿಗೊಂದು, ಇಲ್ಲದ್ದಕ್ಕೊಂದು ಮಿತಿ ಇರುತ್ತದೆ. ಕೆಲವು ಸಣ್ಣ ಕಾರುಗಳಿಗೆ 'ಟ್ರೇಲರ್ ಎಳೆಯಬಾರದು' ಎಂದೇ ಬರೆದಿರುತ್ತಾರೆ. ಅಂಥದ್ದಕ್ಕೆ ನಾನು ಕೊಂಡಿ ಹಾಕುವುದಿಲ್ಲ, ಎಷ್ಟೇ ಒತ್ತಾಯ ಮಾಡಲಿ.

ಕೊಂಡಿಯ ಭಾರ ಅಳೆಯುವುದು ಸುಲಭ. ಸಾಮಾನು ತುಂಬಿದ ಟ್ರೇಲರನ್ನು ಸಮನೆಲದಲ್ಲಿ ನಿಲ್ಲಿಸಿ, ಚಕ್ರಕ್ಕೆ ಅಡೆ ಕೊಡಿ. ಮನೆಯಲ್ಲಿ ಮೈತೂಕ ನೋಡುವ ಯಂತ್ರದ ಮೇಲೆ ಮರದ ತುಂಡು ನಿಲ್ಲಿಸಿ, ಕಾರಿಗೆ ಕಟ್ಟುವಷ್ಟೇ ಎತ್ತರದಲ್ಲಿ ಟ್ರೇಲರಿನ ಮೂತಿಯನ್ನು ಅದರ ಮೇಲಿಡಿ. ಯಂತ್ರ ತೋರಿಸುವ ತೂಕದಿಂದ ಮರದ ತುಂಡಿನದನ್ನು ಕಳೆದು, ಕೈಪಿಡಿಯಲ್ಲಿ ಕೊಂಡಿಯ ಭಾರಕ್ಕೆ ಕೊಟ್ಟಿರುವ ಮಿತಿಯೊಂದಿಗೆ ಹೋಲಿಸಿ.