ಲಿನಕ್ಸ್ ಗೆದ್ದರೂ ಫೋನ್ ನಮ್ಮದಾಗಲಿಲ್ಲವೇಕೆ?

ಪ್ರಶ್ನೆ: ಆಂಡ್ರಾಯ್ಡ್ ಫೋನಿನ ಒಳಗಿರುವುದು ಯಂತ್ರವನ್ನು ನಡೆಸುವ ಮೂಲ ತಂತ್ರಾಂಶವಾದ ಲಿನಕ್ಸ್. ದೊಡ್ಡ ಕಂಪನಿಗಳ ಸರ್ವರ್‌ಗಳಲ್ಲಿರುವುದೂ ಬಹುಪಾಲು ಅದೇ. ಅದು ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದಾದ ಸ್ವತಂತ್ರ ತಂತ್ರಾಂಶ ಎನ್ನುತ್ತೀರಿ. ಹಾಗಾದರೆ ಬಳಸುವವರಿಗೆ ಆ ಸ್ವಾತಂತ್ರ್ಯ ಏಕೆ ಸಿಕ್ಕಿಲ್ಲ?

ಉತ್ತರ: ಮೊದಲು ನಿಮ್ಮ ಫೋನನ್ನೇ ನೋಡಿ. ಸೆಟ್ಟಿಂಗ್ಸ್‌ನಲ್ಲಿ ಕಾನೂನು ಮಾಹಿತಿಯ ಕೆಳಗೆ ಉದ್ದನೆಯ ಲೈಸೆನ್ಸ್ ಪಟ್ಟಿಯೊಂದಿರುತ್ತದೆ. ಅದರಲ್ಲಿ ಜಿಪಿಎಲ್ ಎಂಬ ಪರವಾನಗಿಯೂ ಸಿಗುತ್ತದೆ: ಸೋರ್ಸ್ ಕೋಡ್ (ತಂತ್ರಾಂಶದ ಮೂಲ ಬರಹ) ಪಡೆಯಬಹುದು, ತಿದ್ದಬಹುದು, ಹಂಚಬಹುದು ಎಂದು ಅದು ಹೇಳುತ್ತದೆ. ಆದರೆ ತಿದ್ದಿದ್ದನ್ನು ಅದೇ ಫೋನಿಗೆ ಹಾಕಲು ಹೊರಡಿ, ಫೋನ್ ಶುರುವಾಗುವಾಗ ತಂತ್ರಾಂಶವನ್ನು ಎಬ್ಬಿಸುವ ಬೂಟ್‌ಲೋಡರ್‌ಗೆ ಬೀಗ ಬಿದ್ದಿರುವುದು ಆಗ ತಿಳಿಯುತ್ತದೆ. ಬೀಗ ತೆಗೆಯಬೇಕೋ ಬೇಡವೋ ಎಂಬುದು ಫೋನ್ ತಯಾರಿಸಿದವರ ಮರ್ಜಿ.

ಸ್ವತಂತ್ರ ತಂತ್ರಾಂಶದ ಚಳವಳಿ ಶುರುವಾದದ್ದೇ ಇಂಥದೊಂದು ಕಿರಿಕಿರಿಯಿಂದ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಪ್ರಯೋಗಾಲಯದ ಹಳೆಯ ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡರೆ ಕಾಯುತ್ತಿರುವವರಿಗೆ ಸುದ್ದಿ ಮುಟ್ಟುವಂತೆ ಅಲ್ಲಿನ ಪ್ರೋಗ್ರಾಮರ್ ರಿಚರ್ಡ್ ಸ್ಟಾಲ್ಮನ್ ಅದರ ತಂತ್ರಾಂಶವನ್ನು ತಿದ್ದಿದ್ದರು. ಹೊಸದಾಗಿ ಬಂದ ಝೆರಾಕ್ಸ್ ಲೇಸರ್ ಪ್ರಿಂಟರಿಗೂ ಹಾಗೆಯೇ ಮಾಡಲು ಹೋದಾಗ ಕೋಡ್ ಸಿಗಲಿಲ್ಲ. 1983ರಲ್ಲಿ ಅವರು ಪೂರ್ತಿ ಸ್ವತಂತ್ರವಾದ ಕಾರ್ಯಾಚರಣಾ ವ್ಯವಸ್ಥೆಯೊಂದನ್ನು ಕಟ್ಟುವ ಗ್ನೂ ಯೋಜನೆಯನ್ನು ಘೋಷಿಸಿದರು. 1989ರಲ್ಲಿ ಜಿಪಿಎಲ್ ಬಂತು.

ಜಿಪಿಎಲ್‌ನ ಷರತ್ತು ಸರಳ: ತಂತ್ರಾಂಶದ ಪ್ರತಿಯನ್ನು ಯಾರಿಗಾದರೂ ಕೊಟ್ಟರೆ ಅವರಿಗೆ ಸೋರ್ಸ್ ಕೋಡನ್ನೂ ಕೊಡಬೇಕು. ಟೇಪಿನಲ್ಲಿ, ಫ್ಲಾಪಿಯಲ್ಲಿ ಪ್ರತಿಗಳು ಕೈಯಿಂದ ಕೈಗೆ ದಾಟುತ್ತಿದ್ದ ಕಾಲಕ್ಕೆ ಇಷ್ಟು ಸಾಕಾಗಿತ್ತು. ಆಮೇಲೆ ತಂತ್ರಾಂಶವು ಸರ್ವರಿಗೆ ಹೋಗಿ ಕುಳಿತಿತು. ನೀವು ಏನನ್ನೋ ಹುಡುಕುತ್ತೀರಿ, ನಿಮಗೆ ಬರುವುದು ಫಲಿತಾಂಶದ ಪುಟ ಮಾತ್ರ. ಅದನ್ನು ತಯಾರಿಸಿದ ತಂತ್ರಾಂಶದ ಪ್ರತಿ ಕಂಪನಿಯ ಕಟ್ಟಡ ಬಿಟ್ಟು ಕದಲುವುದಿಲ್ಲ. ಪ್ರತಿಯನ್ನೇ ಕೊಡದ ಮೇಲೆ ಕೋಡ್ ಕೊಡುವ ಹೊಣೆಯೂ ಇಲ್ಲ. ಸ್ವತಂತ್ರ ತಂತ್ರಾಂಶವನ್ನು ತಮಗೆ ಬೇಕಾದಂತೆ ತಿದ್ದಿಕೊಂಡು ಅದರ ಮೇಲೆ ಸಾಮ್ರಾಜ್ಯ ಕಟ್ಟಿದವರು ಪರವಾನಗಿಯ ಒಂದಕ್ಷರವನ್ನೂ ಮೀರಬೇಕಾಗಲಿಲ್ಲ. ನನ್ನ ಮಟ್ಟಿಗೆ ಇಡೀ ಕಥೆಯ ತಿರುಳು ಇದೇ.

1998ರಲ್ಲಿ ಸ್ವತಂತ್ರ ತಂತ್ರಾಂಶಕ್ಕೆ 'ಓಪನ್ ಸೋರ್ಸ್' ಎಂಬ ಹೆಸರು ಬಂದಮೇಲೆ ಕಂಪನಿಗಳಿಗೆ ಇನ್ನಷ್ಟು ಹಾಯೆನಿಸಿತು. ಇಂಗ್ಲಿಷಿನ 'ಫ್ರೀ' ಪದ ಗೊಂದಲ ಹುಟ್ಟಿಸುತ್ತದೆ ಎಂಬುದೂ ಆ ಹೊಸ ಹೆಸರಿಗೆ ಒಂದು ಕಾರಣ. (ಉಚಿತ, ಸ್ವತಂತ್ರ ಎಂಬ ಎರಡು ಪದಗಳಿರುವ ಕನ್ನಡಕ್ಕೆ ಆ ತಾಪತ್ರಯವಿರಲಿಲ್ಲ.) ಬಳಕೆದಾರರ ಹಕ್ಕಿನ ಮಾತು ಹಿಂದೆ ಸರಿದು, ಒಳ್ಳೆಯ ತಂತ್ರಾಂಶ ಬರೆಯುವ ವಿಧಾನದ ಮಾತು ಮುಂದೆ ಬಂತು.

ಆಂಡ್ರಾಯ್ಡ್‌ನಲ್ಲಿ ಇನ್ನೊಂದು ಗಂಟಿದೆ. ಅದರ ತಳಪಾಯ ಮುಕ್ತ, ಆದರೆ ಪ್ಲೇ ಸ್ಟೋರ್ ಮುಕ್ತವಲ್ಲ. ಪ್ಲೇ ಸ್ಟೋರ್ ಬೇಕೆನ್ನುವ ತಯಾರಕರು ಗೂಗಲ್ ಸರ್ಚ್ ಮತ್ತು ಕ್ರೋಮ್ ಅನ್ನೂ ಹಾಕಿಯೇ ಮಾರಬೇಕೆಂಬ ಕರಾರು ಸೇರಿದಂತೆ ಹಲವು ಕಟ್ಟುಪಾಡುಗಳಿಗಾಗಿ ಯುರೋಪಿಯನ್ ಆಯೋಗ 2018ರಲ್ಲಿ ಗೂಗಲ್‌ಗೆ 434 ಕೋಟಿ ಯೂರೊ ದಂಡ ಹಾಕಿತು. 2022ರಲ್ಲಿ ನ್ಯಾಯಾಲಯ ಅದನ್ನು ಸ್ವಲ್ಪ ಇಳಿಸಿತು.

ಜಿಪಿಎಲ್‌ನ ತೂತು ಮುಚ್ಚುವ ಪ್ರಯತ್ನ ನಡೆದಿಲ್ಲವೆಂದಲ್ಲ. 2007ರ ಜಿಪಿಎಲ್ ಮೂರನೆಯ ಆವೃತ್ತಿ ಯಂತ್ರಕ್ಕೆ ಬೀಗ ಹಾಕುವುದರ ವಿರುದ್ಧ ಷರತ್ತು ತಂದಿತು. ಆದರೆ ಲಿನಕ್ಸ್‌ನ ತಿರುಳಾದ ಕರ್ನಲ್ ಎರಡನೆಯ ಆವೃತ್ತಿಯಲ್ಲೇ ಉಳಿಯಿತು. ಅದೇ ವರ್ಷ ಬಂದ ಎಜಿಪಿಎಲ್ ಎಂಬ ಇನ್ನೊಂದು ಪರವಾನಗಿಯ ಪ್ರಕಾರ, ತಿದ್ದಿದ ತಂತ್ರಾಂಶವನ್ನು ಸರ್ವರಿನಲ್ಲಿಟ್ಟು ಬಳಸಲು ಕೊಟ್ಟರೂ ಬಳಸುವವರಿಗೆ ಸೋರ್ಸ್ ಕೋಡ್ ಸಿಗಬೇಕು. ಎಜಿಪಿಎಲ್ ಕೋಡನ್ನು ತನ್ನಲ್ಲಿ ಬಳಸಕೂಡದೆಂದು ಗೂಗಲ್ ನಿಯಮವನ್ನೇ ಮಾಡಿ ಪ್ರಕಟಿಸಿದೆ.